ಹುಲಿ ಸಿಗಲಿಲ್ಲ, ಅತ್ತೆ ಸಿಕ್ಕರು

ಮಾತು ಬಿಟ್ಟ ನೆಂಟರನ್ನು ಮತ್ತೆ ಕೂಡಿಸುವುದು ದೊಡ್ಡ ಕೆಲಸವೇನಲ್ಲ. ಮೊದಲು ಯಾರು ಯಾರ ಮನೆಗೆ ಹೋಗಬೇಕು ಎನ್ನುವುದೊಂದು ತೀರ್ಮಾನವಾದರೆ ಸಾಕು. ನಮ್ಮ ಮನೆತನದಲ್ಲಿ ಅದೊಂದು ತೀರ್ಮಾನವಾಗುವಷ್ಟರಲ್ಲಿ ಒಂದು ತಲೆಮಾರಿನ ತಲೆಯೆಲ್ಲ ಬೆಳ್ಳಗಾಯಿತು. ದೊಡ್ಡಪ್ಪ ಹಿರಿಯರು, ಆದ್ದರಿಂದ ಅತ್ತೆಯೇ ಬರಬೇಕು. ಅತ್ತೆ ಮನೆಯ ಹೆಣ್ಣುಮಗಳು, ಆದ್ದರಿಂದ ತವರಿನವರೇ ಹೋಗಿ ಕರೆಯಬೇಕು. ಎರಡೂ ವಾದ ಶಾಸ್ತ್ರಸಮ್ಮತ.

ಜಗಳದ ಮೂಲ ತಿಪಟೂರಿನ ಹತ್ತಿರದ ತೆಂಗಿನ ತೋಟ. ಪಾಲಾಗುವಾಗ ಅತ್ತೆ ತನಗೂ ಒಂದು ಸಾಲು ಮರ ಬೇಕು ಅಂದರು. ದೊಡ್ಡಪ್ಪ ವರ್ಷಕ್ಕೊಂದು ಮೂಟೆ ಕೊಬ್ಬರಿ ಕಳಿಸುತ್ತೇನೆ ಅಂದರು. ಮರವೂ ಹೋಗಲಿಲ್ಲ, ಕೊಬ್ಬರಿಯೂ ಹೋಗಲಿಲ್ಲ, ಅತ್ತೆ ಮಾತ್ರ ಗಂಡನ ನೌಕರಿಯ ಹಿಂದೆ ನಾಗಪುರಕ್ಕೆ ಹೋದರು. ಆಮೇಲೆ ಕಾಗದವಿಲ್ಲ, ಫೋನಿಲ್ಲ.

ನಡುವೆ ಮದುವೆಮನೆಗಳಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸುವ ಪ್ರಯತ್ನಗಳಾದವು. ಮದುವೆಮನೆ ಜಗಳ ಹುಟ್ಟುವ ಜಾಗವೇ ಹೊರತು ತೀರುವ ಜಾಗವಲ್ಲ. ದೊಡ್ಡಪ್ಪ ಮೊದಲ ಪಂಕ್ತಿಗೆ ಕೂತರೆ ಅತ್ತೆ ಕೊನೆಯ ಪಂಕ್ತಿಗೆ. ರಾಜಿ ಮಾಡಿಸಲು ಹೋದ ಭಾವಮೈದುನರೊಬ್ಬರ ಮಾತು ವಾಲಗದ ಸದ್ದಿನಲ್ಲಿ ಅರ್ಧ ಮಾತ್ರ ಕೇಳಿಸಿ, ಆ ಅರ್ಧದಿಂದಲೇ ಇನ್ನೊಂದು ಜಗಳ ಶುರುವಾಯಿತು.

ಕೊನೆಗೆ ದಾರಿ ಕಂಡವರು ಮೊಮ್ಮಕ್ಕಳು. ದೊಡ್ಡವರ ಗಮನಕ್ಕೆ ಬಾರದಂತೆ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡು, ಯಾರ ಮನೆಯೂ ಅಲ್ಲದ ಜಾಗ ಯಾವುದೆಂದು ಹುಡುಕಿದರು. ಕಬಿನಿ ಅಂತಾಯಿತು. ಕಾಡು ಸರ್ಕಾರದ್ದು, ಅಲ್ಲಿಗೆ ಹೋದರೆ ಯಾರೂ ಯಾರ ಹೊಸ್ತಿಲನ್ನೂ ತುಳಿದ ಹಾಗಲ್ಲ. ‘ನಿಮ್ಮ ಅಣ್ಣ ಹುಲಿ ನೋಡಬೇಕಂತೆ’ ಎಂದು ನಾಗಪುರಕ್ಕೆ ಸುದ್ದಿ ಹೋಯಿತು. ‘ನಿಮ್ಮ ತಂಗಿಗೆ ಆನೆ ಅಂದರೆ ಪ್ರಾಣವಂತೆ’ ಎಂದು ತಿಪಟೂರಿಗೆ. ಇಬ್ಬರೂ ಪ್ರಾಣಿಗಳ ನೆಪದಲ್ಲಿ ಒಪ್ಪಿಕೊಂಡರು.

ಎಚ್.ಡಿ. ಕೋಟೆ, ಅಂತರಸಂತೆ ದಾಟಿ ದಮ್ಮನಕಟ್ಟೆಯಲ್ಲಿ ಸಫಾರಿ ಬಸ್ಸು ಹತ್ತಬೇಕು. ಕಾಡಿಗೆ ಹೋಗುವವರು ಮಣ್ಣಿನ ಬಣ್ಣದ ಬಟ್ಟೆ ಹಾಕಿಕೊಳ್ಳಬೇಕು, ಘಮಘಮಿಸಬಾರದು, ತಿಂಡಿ ತರಬಾರದು. ದೊಡ್ಡಪ್ಪ ಗಂಜಿ ಹಾಕಿಸಿದ ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿ ಬಂದಿದ್ದರು. ಅತ್ತೆ ಇಳಿದದ್ದು ಕೆಂಪು ಪೈಠಣಿ ಸೀರೆಯಲ್ಲಿ, ಮೊಳ ಮಲ್ಲಿಗೆ ಮುಡಿದು, ಚೀಲದ ತಳದಲ್ಲಿ ಸಂತ್ರಾ ಬರ್ಫಿ ಬಚ್ಚಿಟ್ಟುಕೊಂಡು. ಅರಣ್ಯ ಇಲಾಖೆಯ ಹುಡುಗ ಇಬ್ಬರನ್ನೂ ನೋಡಿ ಏನೋ ಹೇಳಹೊರಟವನು, ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಾದ. ನಾವು ಬೇಕೆಂದೇ ಇಬ್ಬರನ್ನೂ ಒಂದೇ ಸೀಟಿನಲ್ಲಿ ಕೂರಿಸಿದೆವು. ನಡುವೆ ಬರ್ಫಿಯ ಚೀಲ.

ಬಸ್ಸು ಹೊರಡುವ ಮುನ್ನ ಡ್ರೈವರ್ ತಿರುಗಿ ನೋಡಿ, “ಯಾರೂ ಮಾತಾಡಬಾರದು ಸಾರ್. ಮಾತಾಡಿದರೆ ಏನೂ ಸಿಗಲ್ಲ” ಅಂದ.

ಎಷ್ಟೋ ವರ್ಷಗಳಿಂದ ಮಾತಾಡದವರಿಗೆ ಇದಕ್ಕಿಂತ ಅನುಕೂಲದ ಆಜ್ಞೆ ಬೇರೊಂದಿಲ್ಲ. ಇಷ್ಟು ದಿನ ಹಟದಿಂದ ಸುಮ್ಮನಿದ್ದವರು ಈಗ ಕಾನೂನಿನ ಪ್ರಕಾರ ಸುಮ್ಮನಿದ್ದರು. ಆದರೆ ಮನುಷ್ಯನ ಸ್ವಭಾವ ನೋಡಿ, ಮಾತಾಡಬಾರದು ಅಂದ ಕೂಡಲೇ ದೊಡ್ಡಪ್ಪನಿಗೆ ಗಂಟಲು ಕೆರೆಯತೊಡಗಿತು.

ಮೊದಲು ಬಾಯಿ ಬಿಟ್ಟವನು ಅತ್ತೆಯ ಮಗ, ನಮ್ಮ ಭಾವ. ನಾಗಪುರದವರಿಗೆ ಹುಲಿ ಅಂದರೆ ಪಕ್ಕದ ಬೀದಿಯವರ ಸಲಿಗೆ. ಸುತ್ತ ತಾಡೋಬಾ, ಪೆಂಚ್ ಕಾಡುಗಳಿವೆಯಲ್ಲ! ಬಸ್ಸು ಕಾಡು ಹೊಕ್ಕು ಸ್ವಲ್ಪ ಹೊತ್ತಾಗಿತ್ತಷ್ಟೆ. “ನಮ್ಮ ತಾಡೋಬಾದಲ್ಲಾದರೆ ಇಷ್ಟರಲ್ಲಿ ಸೈಟಿಂಗ್ ಆಗಿರ್ತಿತ್ತು” ಎಂದು ಪಿಸುಗುಟ್ಟಿದ. ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ಹಿಂದಿನ ರಾತ್ರಿ ಪೇಪರು, ಪುಸ್ತಕ ಎಲ್ಲ ಓದಿಕೊಂಡೇ ಬಂದಿದ್ದರು. “2022ರ ಲೆಕ್ಕದಲ್ಲಿ ಕರ್ನಾಟಕದಲ್ಲಿ 563 ಹುಲಿ. ಮಹಾರಾಷ್ಟ್ರದಲ್ಲಿ 444” ಅಂದರು, ಪಿಸುದನಿಯಲ್ಲೇ. ಅತ್ತೆ ಕಿಟಕಿಯಾಚೆ ನೋಡುತ್ತಲೇ, “ಮಧ್ಯಪ್ರದೇಶದಲ್ಲಿ 785. ಪೆಂಚ್ ಅರ್ಧ ಆ ಕಡೆಗೂ ಇದೆ” ಅಂದರು.

ಅಣ್ಣತಂಗಿಯರ ಮೊದಲ ಸಂಭಾಷಣೆ ಇದು. ‘ಹೇಗಿದ್ದೀ’ ಇಲ್ಲ, ‘ಚೆನ್ನಾಗಿದ್ದೀರಾ’ ಇಲ್ಲ. ಹುಲಿಗಣತಿ.

ಪಿಸುಮಾತಿನಲ್ಲಿ ಜಗಳ ಆಡಲಾಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ. ನಮ್ಮ ಕಡೆಯ ಜಗಳಕ್ಕೆ ಎತ್ತರದ ದನಿ ಬೇಕು, ಕೈ ಬೀಸಲು ಜಾಗ ಬೇಕು, ಎದ್ದು ಹೋಗಲು ಬಾಗಿಲು ಬೇಕು. ಸಫಾರಿ ಬಸ್ಸಿನಲ್ಲಿ ಮೂರೂ ಇಲ್ಲ. ಇಳಿದು ಹೋದರೆ ಅರಣ್ಯ ಇಲಾಖೆಯ ದಂಡ, ಹಾಗೇ ಮುಂದೆ ಹೋದರೆ ಹುಲಿಯ ದಂಡ.

ಹುಲಿಯ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ನಮಗೆ ಸಿಗಲಿಲ್ಲ. ಜಿಂಕೆ ಕೂಗಿತು, ಮುಸುವ ಮರದ ತುದಿಯಿಂದ ಖೊಕ್ಕೆಂದಿತು. “ಕಾಲ್ ಆಗ್ತಿದೆ” ಎಂದು ಡ್ರೈವರ್ ಬಸ್ಸು ನಿಲ್ಲಿಸಿದ. ಎಲ್ಲರೂ ಒಂದೇ ಪೊದೆಯನ್ನು ಭಕ್ತಿಯಿಂದ ನೋಡಿದೆವು. ಪೊದೆ ಪೊದೆಯಾಗಿಯೇ ಉಳಿಯಿತು. ಎದುರಿಗೆ ಬಂದ ಜೀಪಿನವರು, “ಈಗಷ್ಟೇ ಹೋಯ್ತು” ಅಂದರು. ಸಫಾರಿಗೆ ಹೋದವರೆಲ್ಲ ಕೇಳಿಯೇ ಇರುವ ವಾಕ್ಯ.

ಆದರೂ ಹುಲಿಗಳ ಸಂಸಾರದ ವಿಚಾರ ಅತ್ತೆಗೆ ಹಿಡಿಸಿತು. ಹುಲಿ ಒಂಟಿಗ. ಮರಿಗಳು ಎರಡು ವರ್ಷದ ಹೊತ್ತಿಗೆ ತಾಯಿಯನ್ನು ಬಿಟ್ಟು ಹೊರಡುತ್ತವೆ. ಗಂಡುಮರಿ ದೂರ ಹೋಗಿ ಜಾಗ ಗಿಟ್ಟಿಸಿಕೊಳ್ಳಬೇಕು. ಹೆಣ್ಣುಮರಿಗೆ ಎಷ್ಟೋ ಸಲ ತಾಯಿಯ ಸರಹದ್ದಿನ ಪಕ್ಕದಲ್ಲೇ, ಅದರದೇ ಒಂದಿಷ್ಟು ಭಾಗದಲ್ಲಿ ನೆಲೆ ಸಿಗುತ್ತದೆ. ಭಾವ ಇದನ್ನು ವಿವರಿಸುತ್ತಿದ್ದಂತೆ ಅತ್ತೆ ಮೆಲ್ಲಗೆ ಅಣ್ಣನ ಕಡೆ ತಿರುಗಿದರು. ನಮ್ಮ ದೇಶದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅನ್ನಲು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನನ್ನು ತಿದ್ದಬೇಕಾಯಿತು, ಹುಲಿಗಳು ಯಾವ ವಕೀಲರ ಮನೆಗೂ ಹೋಗದೆ ಇದನ್ನು ನಡೆಸಿಕೊಂಡು ಬಂದಿವೆ. ದೊಡ್ಡಪ್ಪ ಏನೂ ಅನ್ನಲಿಲ್ಲ. ಮಾತಾಡಬಾರದು ಎಂಬ ನಿಯಮ ಆಗ ಅವರಿಗೆ ನೆನಪಾಗಿತ್ತು.

ಹಿನ್ನೀರಿನ ಬಯಲಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಬೇಸಿಗೆಯಲ್ಲಿ ಕಬಿನಿಯ ನೀರು ಹಿಂದೆ ಸರಿದಂತೆ, ಮುಳುಗಿದ್ದ ನೆಲದ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡೆಲ್ಲ ಒಣಗಿ ನಿಂತಾಗ ಹಸಿರೂ ನೀರೂ ಒಟ್ಟಿಗೆ ಸಿಗುವುದು ಇಲ್ಲೇ. ಅದಕ್ಕೇ ಮಾರ್ಚಿಯಿಂದ ಮೇವರೆಗೆ ನಾಗರಹೊಳೆ, ಬಂಡೀಪುರದ ಆನೆಗಳು ಇಲ್ಲಿ ನೆರೆಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗಗಳು ಕಡಿಮೆ. ತಮಾಷೆಯೆಂದರೆ ಈ ಬಯಲು ಪ್ರಕೃತಿ ಕೊಟ್ಟದ್ದಲ್ಲ, 1974ರಲ್ಲಿ ಮುಗಿದ ಅಣೆಕಟ್ಟು ಕೊಟ್ಟದ್ದು.

ಅದಕ್ಕೂ ಮುಂಚಿನ ಕಥೆ ತಮಾಷೆಯದಲ್ಲ. ಈ ಕಾಕನಕೋಟೆ ಕಾಡಿನಲ್ಲೇ ಮೈಸೂರು ಅರಸರ ಕಾಲದಿಂದ ಖೆಡ್ಡಾ ನಡೆಯುತ್ತಿತ್ತು. ಹಿಂಡುಗಳನ್ನು ಹೊಳೆಗಿಳಿಸಿ ದೊಡ್ಡಿಗೆ ಅಟ್ಟುವುದನ್ನು ನೋಡಲು ದೊಡ್ಡ ದೊಡ್ಡ ಅತಿಥಿಗಳು ಬರುತ್ತಿದ್ದರು, ಅವರಿಗೆ ಕೂರಲು ಅಟ್ಟಣೆ ಕಟ್ಟುತ್ತಿದ್ದರು. ಹಿಡಿದ ಆನೆಗಳಲ್ಲಿ ತಾಯಿ ಒಂದು ಕಡೆಗೆ, ಮರಿ ಇನ್ನೊಂದು ಕಡೆಗೆ ಮಾರಾಟವಾಗುತ್ತಿದ್ದವು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಗ ಆನೆ ಸಂಸಾರ ಒಡೆಯುವುದನ್ನು ನೋಡಲು ಜನ ಬರುತ್ತಿದ್ದರು, ಈಗ ಕೂಡುವುದನ್ನು ನೋಡಲು ಬರುತ್ತೇವೆ. ಬೇರೆ ವಿಷಯದಲ್ಲಿ ಹೇಗೋ, ಇದೊಂದರಲ್ಲಿ ನಾವು ಸುಧಾರಿಸಿದ್ದೇವೆ ಅನ್ನಬೇಕು.

ನಮ್ಮ ಮುಂದೆ ಒಂದು ಹಿಂಡು ಮೇಯುತ್ತಿತ್ತು. ಮರದ ಸಾಲಿನಿಂದ ಇನ್ನೊಂದು ಚಿಕ್ಕ ಗುಂಪು ಹೊರಬಂತು. ಮೊದಲನೆಯ ಹಿಂಡಿನ ಹೆಣ್ಣಾನೆಯೊಂದು ಕಿವಿ ಅಗಲಿಸಿ ಮುಂದೆ ಹೋಯಿತು, ಬಂದವಳ ಬಾಯಿಗೆ ಸೊಂಡಿಲ ತುದಿಯಿಟ್ಟಿತು, ಬಂದವಳೂ ಹಾಗೇ ಮಾಡಿದಳು. ನೆಲದಿಂದ ಬಂದಂತೆ ಗುರುಗುರು ಸದ್ದು ಕೇಳಿಸಿತು. ಮರಿಗಳು ಕಾಲಿಗೆ ಕಾಲು ತೊಡರಿಸಿಕೊಂಡವು. ಯಾರು ಮೊದಲು ಯಾರ ಬಳಿಗೆ ಹೋದರು ಎಂದು ನಮ್ಮ ಬಸ್ಸಿನಲ್ಲಿ ಯಾರೂ ಲೆಕ್ಕ ಇಡಲಿಲ್ಲ.

ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ.ಎನ್.ಸಿ. ವಿದ್ಯಾ ಮತ್ತು ಅವರ ತಂಡ 2009ರಿಂದ ಈ ಕಬಿನಿ ಆನೆಗಳನ್ನು ಕಿವಿಯ ಹರಕು, ಮಡಿಕೆ, ಬಾಲದ ಕೂದಲುಗಳಿಂದ ಒಂದೊಂದಾಗಿ ಗುರುತಿಟ್ಟು ಅಧ್ಯಯನ ಮಾಡಿದೆ. ಅವರು ಕಂಡದ್ದು ಇಷ್ಟು: ಒಂದು ಕುಲದ ಹೆಣ್ಣಾನೆಗಳೆಲ್ಲ ಸದಾ ಒಟ್ಟಿಗಿರುವುದಿಲ್ಲ, ಸಣ್ಣ ಸಣ್ಣ ಗುಂಪುಗಳಾಗಿ ಒಡೆಯುತ್ತವೆ, ಮತ್ತೆ ಕೂಡುತ್ತವೆ, ಇವತ್ತಿನ ಗುಂಪು ನಾಳೆ ಬೇರೆ. ಆದರೆ ಬೇರೆ ಕುಲದವರು ಅದೇ ಹುಲ್ಲಿಗೆ ಬಂದರೆ ನೂಕಾಟ, ಅಟ್ಟಾಟ. ಅಂದರೆ ಬೇರೆ ಮನೆ ಮಾಡುವುದು ಆನೆಗಳಲ್ಲೂ ಇದೆ, ಹುಲ್ಲಿನ ವ್ಯಾಜ್ಯವೂ ಇದೆ. ಬೇರೆ ಮನೆ ಮಾಡಿದ ಮಾತ್ರಕ್ಕೆ ಮಾತು ಬಿಡುವ ಪದ್ಧತಿ ಮಾತ್ರ ಇಲ್ಲ.

ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಇನ್ನೊಂದು ಹಿಂಡು ಬಂತು. ಈ ಸಲ ಸೊಂಡಿಲ ಉಪಚಾರವಿಲ್ಲ. ದೊಡ್ಡದೊಂದು ಹೆಣ್ಣಾನೆ ತಲೆಯೆತ್ತಿ ಮುನ್ನುಗ್ಗಿತು, ಬಂದವರು ಘೀಳಿಡುತ್ತ ಹಿಂದೆ ಸರಿದರು. ದೊಡ್ಡಪ್ಪ ಬಗ್ಗಿ ನೋಡಿ, “ಪುಟ್ಟೀ, ಇವರದಿನ್ನೂ ಪಾಲಾಗಿಲ್ಲ ಅಂತ ಕಾಣುತ್ತೆ” ಅಂದರು.

ಅತ್ತೆಗೆ ನಗು ಬಂತು. ತಡೆಯಲು ಸೆರಗು ಬಾಯಿಗಿಟ್ಟುಕೊಂಡರು, ಆದರೂ ತಡೆಯಲಾಗಲಿಲ್ಲ. “ಸುಮ್ಮನಿರಣ್ಣ, ಆನೆ ಓಡಿಹೋಗುತ್ತೆ” ಅಂದರು. ಡ್ರೈವರ್ ಕನ್ನಡಿಯಲ್ಲಿ ದುರುಗುಟ್ಟಿ ನೋಡಿದ. ಆನೆಗಳು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಬಸ್ಸು ಇಳಿದ ಮೇಲೆ ಬರ್ಫಿಯ ಡಬ್ಬ ತೆರೆಯಿತು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆಯಿರುವುದು ಅತ್ತೆಗೆ ತಿಳಿದದ್ದು ಅವರು ನಾಲ್ಕನೆಯದು ಬಾಯಿಗಿಟ್ಟಾಗ. ಆಗ ಒಂದು ಸಣ್ಣ ಜಗಳವಾಯಿತು, ಪೂರ್ತಿ ದನಿಯಲ್ಲಿ, ಕೈ ಬೀಸಿ. ಕೇಳಲು ಹಿತವಾಗಿತ್ತು. ತೋಟದ ವಿಷಯ ಯಾರೂ ಎತ್ತಲಿಲ್ಲ. ಅದು ಇನ್ನೂ ಹಾಗೇ ಇದೆ, ಆಗಾಗ ಫೋನಿನಲ್ಲಿ ಎದ್ದು ಮಲಗುತ್ತದೆ.

ನಿಮ್ಮಲ್ಲೂ ಇಂಥ ಅಣ್ಣತಂಗಿಯರಿದ್ದರೆ ಮದುವೆಯ ಮುಹೂರ್ತಕ್ಕೆ ಕಾಯಬೇಡಿ. ಏಪ್ರಿಲಿನ ಒಂದು ಮಧ್ಯಾಹ್ನದ ಸಫಾರಿಗೆ ಮೊದಲೇ ಟಿಕೆಟ್ ಮಾಡಿಸಿ, ಇಬ್ಬರನ್ನೂ ಒಂದೇ ಸೀಟಿನಲ್ಲಿ ಕೂರಿಸಿ. ಹಿಂದಿನ ಸೀಟು ಮಾತ್ರ ಬೇಡ, ಅಲ್ಲಿ ಸೊಂಟ ಉಳಿಯುವುದಿಲ್ಲ.