ಫೋಟೋದ್ದೇನೂ ತಪ್ಪಿಲ್ಲ

ತಾಲ್ಲೂಕು ಕೇಂದ್ರದ ಯಾವ ಸ್ಟುಡಿಯೋ ಸಾಲಿಗೆ ಹೋದರೂ ಈತ ಸಿಗುತ್ತಾನೆ. ಸ್ವಂತ ಸ್ಟುಡಿಯೋ ಇರುವುದಿಲ್ಲ. ಇದ್ದರೂ ಅದರಲ್ಲಿ ಇರುವುದಿಲ್ಲ. ಎಲ್ಲೋ ಒಂದು ಕಡೆ ಫೋಟೊಶಾಪ್ ಪರದೆಯ ಮೇಲೆ ವಧುವಿನ ಮುಖ ಚೌಕ ಚೌಕವಾಗಿ ಒಡೆದು, ವರನ ಪೇಟ ಇರಬೇಕಾದಲ್ಲಿ ಕಪ್ಪು ಪಟ್ಟೆ ಬಂತೋ, ಈತನಿಗೆ ಫೋನು ಹೋಯಿತು. ಬಂದವನು ಮೊದಲು ಚಿತ್ರ ನೋಡುವುದಿಲ್ಲ, ಟೀ ಹೇಳಿದ್ದಾರೋ ಇಲ್ಲವೋ ನೋಡುತ್ತಾನೆ.

ಆಮೇಲೆ ಅದೇ ಫೈಲನ್ನು ವಿಂಡೋಸ್‌ನ ಮಾಮೂಲಿ ವ್ಯೂವರ್‌ನಲ್ಲಿ ತೆರೆಯುತ್ತಾನೆ. ಅಲ್ಲಿ ವಧು ನಗುನಗುತ್ತಾ ಇಡಿಯಾಗಿ ಕೂತಿರುತ್ತಾಳೆ. "ಫೋಟೋದ್ದೇನೂ ತಪ್ಪಿಲ್ಲ ಅಣ್ಣ, ತೋರ್ಸೋದ್ರಲ್ಲಿ ಐತೆ ತಪ್ಪು" ಎಂದು ತೀರ್ಪು ಹೊರಡುತ್ತದೆ. ಈ ಮಾತಿಗೇ ಅರ್ಧ ಫೀಸು ಸಲ್ಲಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಗಾಬರಿಬಿದ್ದ ಮಾಲೀಕ ಅಷ್ಟರಲ್ಲಾಗಲೇ ಮೆಮೊರಿ ಕಾರ್ಡನ್ನು ಮೂರು ಸಲ ಉಜ್ಜಿರುತ್ತಾನೆ.

ಈತನ ಪ್ರಕಾರ ಫೋಟೊಶಾಪ್ ಅಂದರೆ 2002ರ 7.0. ಉಳಿದದ್ದೆಲ್ಲ ಕಲಿಗಾಲ. ಪರದೆ ತುಂಬಿಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸಿದ್ದು 2008ರ ಸಿಎಸ್4ರಲ್ಲಿ. "ಒಂದೇ ಮದ್ವೆಗೆ ಇಬ್ರು ಅಡುಗೆ ಭಟ್ರನ್ನ ಕರೆದಂಗಾಯ್ತು" ಎನ್ನುತ್ತಾನೆ. 7.0ರಲ್ಲಿ 66.7 ಪರ್ಸೆಂಟ್ ಝೂಮ್ ಇಟ್ಟರೆ ಜರಿಯಂಚು ಗರಗಸದಂತೆ ಕಾಣುತ್ತಿತ್ತಲ್ಲ, ಅದನ್ನು ನಿವಾರಿಸಿದ್ದು ಇದೇ ಎರಡನೇ ಭಟ್ಟರು ಎಂಬುದನ್ನು ಮಾತ್ರ ಬಾಯಿ ಬಿಡುವುದಿಲ್ಲ.

ಚಿಕಿತ್ಸೆ ಶುರುವಾಗುವಾಗ ಎಲ್ಲರೂ ಹಿಂದೆ ಸರಿಯಬೇಕು. ಪ್ರಿಫರೆನ್ಸಸ್, ಪರ್ಫಾರ್ಮೆನ್ಸ್, 'ಯೂಸ್ ಗ್ರಾಫಿಕ್ಸ್ ಪ್ರೊಸೆಸರ್' ಎದುರಿನ ಟಿಕ್ ತೆಗೆದು ಫೋಟೊಶಾಪನ್ನು ಮುಚ್ಚಿ ತೆರೆದರೆ ವಧು ಒಂದಾಗುತ್ತಾಳೆ. ಒಪ್ಪದ ಕೇಸುಗಳಿಗೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು ಸಾಫ್ಟ್‌ವೇರ್ ತೆರೆಯುತ್ತಾನೆ. ಹಳೆಯ ಸೆಟಿಂಗ್ಸ್ ಅಳಿಸಲೇ ಎಂಬ ಪ್ರಶ್ನೆಗೆ ಮಾಲೀಕನನ್ನು ಕೇಳದೆಯೇ 'ಯೆಸ್'. ಜೋಡಿಸಿಟ್ಟ ಪ್ಯಾನೆಲ್‌ಗಳೆಲ್ಲ ಜಾಗ ಬಿಟ್ಟಿರುತ್ತವೆ. ಲಗ್ನಪತ್ರಿಕೆಯ ಯೂನಿಕೋಡ್ ಕನ್ನಡದಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿದ್ದರೆ ಟೈಪ್ ಸೆಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇದೆ. ಅಷ್ಟು ದೂರ ಯಾರು ಹೋಗುತ್ತಾರೆ, "ನುಡೀಲಿ ಹೊಡೀರಿ" ಎಂದು ಮುಗಿಸುತ್ತಾನೆ.

ವಾರದೊಳಗೆ ಮತ್ತೆ ಫೋನು. "ಕ್ಯಾನ್ವಾಸ್ ತಿರುಗ್ತಾ ಇಲ್ಲ, ಆಯಿಲ್ ಪೇಂಟ್ ಫಿಲ್ಟರ್ ಮಸುಕಾಗಿದೆ." ಆಗುವುದೇ ಹಾಗೆ, ಅವಕ್ಕೆಲ್ಲ ಗ್ರಾಫಿಕ್ಸ್ ಕಾರ್ಡ್ ಬೇಕು. ಈತ ಬಂದು ಟಿಕ್ ಹಾಕುತ್ತಾನೆ. ತೆಗೆದದ್ದಕ್ಕೊಂದು ಚಾರ್ಜು, ಹಾಕಿದ್ದಕ್ಕೊಂದು ಚಾರ್ಜು. ಕಾರ್ಡಿನ ಕಂಪನಿಯಿಂದ ಹೊಸ ಡ್ರೈವರ್ ಇಳಿಸಿಕೊಂಡರೆ ಬಹುಪಾಲು ಕೇಸುಗಳು ಖಾಯಮ್ಮಾಗಿ ವಾಸಿಯಾಗುತ್ತವೆ ಎಂಬುದು ಆತನಿಗೆ ಗೊತ್ತಿಲ್ಲದ್ದೇನಲ್ಲ. ಮನೆಯ ಕಂಪ್ಯೂಟರಿಗೆ ಅದನ್ನೇ ಹಾಕಿಕೊಂಡಿದ್ದಾನೆ.

ಇಂಥವನೂ ಸೋಲುವುದು ಬಣ್ಣದ ತಕರಾರಿನಲ್ಲಿ. ಮೊನ್ನೆ ವಧುವಿನ ತಾಯಿ ಮೊಬೈಲ್ ಹಿಡಿದು ಸ್ಟುಡಿಯೋಗೆ ಬಂದರು. ವಾಟ್ಸಾಪ್‌ನಲ್ಲಿ ಮಗಳು ಕಳೆಗುಂದಿದ್ದಾಳೆ. ಈತ ಹುರುಪಿನಿಂದ ಬಿಡಿಸಿ ಹೇಳಿದ: ಫೈಲು ಅಡೋಬಿ ಆರ್‌ಜಿಬಿಯಲ್ಲಿದೆ, ದಾರಿಯಲ್ಲಿ ಪ್ರೊಫೈಲ್ ಕಳಚಿದೆ, ಮೊಬೈಲು ಅದನ್ನು ಎಸ್‌ಆರ್‌ಜಿಬಿ ಅಂದುಕೊಂಡು ತೋರಿಸಿದೆ. 'ಕನ್ವರ್ಟ್ ಟು ಪ್ರೊಫೈಲ್' ಮಾಡಿ ಮತ್ತೆ ಕಳಿಸಿದ. ಸೀರೆಯ ಕೆಂಪು ಮರಳಿತು, ಹೂವಿನ ಹಳದಿ ಮರಳಿತು. ತಾಯಿಗೆ ಸಮಾಧಾನವಿಲ್ಲ.

"ಇನ್ನೊಂಚೂರು ಬೆಳ್ಳಗೆ ಬರ್ಬೇಕಲ್ಲಪ್ಪ."

"ಈಗ ಕರೆಕ್ಟಾಗೈತೆ ಅಮ್ಮ. ಫೋಟೋದ್ದೇನೂ ತಪ್ಪಿಲ್ಲ."

"ಹಂಗಾದ್ರೆ ನನ್ ಮಗಳದ್ದಾ ತಪ್ಪು?"

ಆತ ತುಟಿ ಎರಡು ಮಾಡಲಿಲ್ಲ. ಕಂಟ್ರೋಲ್ ಎಂ ಒತ್ತಿ ಕರ್ವ್ಸ್ ತೆರೆದು ಗೆರೆಯನ್ನು ಮೇಲಕ್ಕೆಳೆದ. ಬಿಲ್ಲಿನಲ್ಲಿ ಮಾತ್ರ 'ಡಿಸ್‌ಪ್ಲೇ ರಿಪೇರಿ' ಎಂದೇ ಬರೆದ.