ಗೊಬ್ಬರ ಮೀಮಾಂಸೆ: ಎಲ್ಲೂರು ಪಾಠ

ಗ್ರಂಥಾರಂಭದಲ್ಲಿ ವಿಘ್ನಗಳನ್ನು ನೆನೆಯುವುದು ಸಂಪ್ರದಾಯ. ಮನೆಯಂಗಳದ ಕಾಂಪೋಸ್ಟು ಶಾಸ್ತ್ರಕ್ಕೆ ಉಡುಪಿ ಜಿಲ್ಲೆಯ ಎಲ್ಲೂರು ಗ್ರಾಮದಲ್ಲಿ ವಿಘ್ನಗಳು ಮೂರು: ನಾಯಿ, ಹೆಗ್ಗಣ, ಪಕ್ಕದ ಮನೆಯವರು. ಮೊದಲೆರಡಕ್ಕೆ ಬಲೆ ಹಾಕಬಹುದು.

ಪೂರ್ವಪಕ್ಷ ಹೀಗಿದೆ: ಕಾಂಪೋಸ್ಟು ಹೊಸ ವಿದ್ಯೆ, ತರಬೇತಿಯಿಲ್ಲದೆ ಕೈಹಾಕಬಾರದು. ಹೀಗೆ ವಾದಿಸುವವರು ಸಾಮಾನ್ಯವಾಗಿ ಹಟ್ಟಿ ಕೆಡವಿ ಕಾರ್ ಶೆಡ್ ಕಟ್ಟಿಸಿದವರು. ಒಂದು ತಲೆಮಾರಿನ ಹಿಂದೆ ಅದೇ ಜಾಗದಲ್ಲಿ ದನಗಳ ಕಾಲಡಿಗೆ ಗುಡ್ಡೆಯ ಸೊಪ್ಪು ಬೀಳುತ್ತಿತ್ತು. ಸೆಗಣಿ ಗಂಜಲ ಹೀರಿ, ಗೊರಸಿನಡಿ ನುರಿದು, ಯಾರೂ ಆರಂಭಿಸದೆಯೇ ಗೊಬ್ಬರವಾಗುತ್ತಿತ್ತು. ಆ ಸೊಪ್ಪಿಗೆ ಕಾನೂನಿನ ಬೆಂಬಲವೂ ಇತ್ತು. ವರ್ಗ ಜಾಗದ, ಎಂದರೆ ಸ್ವಂತ ಹಿಡುವಳಿಯ, ಸುತ್ತ ನೂರು ಗಜದೊಳಗಿನ ಸರಕಾರಿ ನೆಲದಿಂದ ಸೊಪ್ಪು, ಕಟ್ಟಿಗೆ ತರುವ ಸವಲತ್ತೇ ಕುಮ್ಕಿ. ದನ ಹೋಯಿತು, ಸೊಪ್ಪು ಗುಡ್ಡೆಯಲ್ಲೇ ಉಳಿಯಿತು, ಕುಮ್ಕಿ ಕಡತದಲ್ಲಿ ಮಾತ್ರ ಹಸಿರಾಗಿದೆ. ಈಗ ಸಾವಯವ ಗೊಬ್ಬರ ಚೀಲದಲ್ಲಿ, ಕಾರಿನ ಡಿಕ್ಕಿಯೊಳಗೆ ಕುಳಿತು ಅದೇ ಶೆಡ್ಡಿಗೆ ಬರುತ್ತದೆ. ಸ್ಥಳಪುರಾಣ ಬರೆಯುವವರು ಗಮನಿಸತಕ್ಕದ್ದು.

ಶಾಸ್ತ್ರದಲ್ಲಿ ಪ್ರಸಿದ್ಧ ಮತಗಳು ಎರಡು. 1924ರಿಂದ 1931ರವರೆಗೆ ಇಂದೋರಿನಲ್ಲಿದ್ದ ಆಲ್ಬರ್ಟ್ ಹೊವಾರ್ಡರ ಮತದಲ್ಲಿ ರಾಶಿಗೆ ಗಾಳಿಯೇ ಪ್ರಾಣ. ಆಗಾಗ ಮಗುಚಿ ಹಾಕಿದರೆ ಸುಮಾರು ಮೂರು ತಿಂಗಳಲ್ಲಿ ಸಿದ್ಧಿ. 1939ರಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ಮತದಲ್ಲಿ ಗುಂಡಿಗೆ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಆರೆಂಟು ತಿಂಗಳು ಮರೆತುಬಿಡಬೇಕು. ಸೊಂಟದ ದೃಷ್ಟಿಯಿಂದ ಎರಡನೆಯದೇ ಶ್ರೇಷ್ಠ. ಆದರೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುವ ಈ ಸೀಮೆಯಲ್ಲಿ ಗುಂಡಿಯೆಂಬುದು ಆಟಿ ತಿಂಗಳಿಗೆ ಮುನ್ನವೇ ಕೆರೆಯಾಗಿ, ಅಧಿಕಾರವು ಕಪ್ಪೆಗಳಿಗೆ ಹಸ್ತಾಂತರಗೊಳ್ಳುತ್ತದೆ. ಆದ್ದರಿಂದ ಸಿದ್ಧಾಂತ: ಬೇಸಿಗೆಯಲ್ಲಿ ಬೆಂಗಳೂರು, ಮಳೆಗಾಲದಲ್ಲಿ ಇಂದೋರು, ಎತ್ತರದ ದಿಣ್ಣೆ, ಮೇಲೆ ಹೆಣೆದ ಮಡಲಿನ ಮಾಡು.

ಮೂರನೆಯದೊಂದು ಮತವೂ ಇದೆ. ಗ್ರಂಥಗಳಿಲ್ಲ, ಆಚಾರ್ಯರೆಲ್ಲ ಅಜ್ಜಿಯಂದಿರು. ಸಿಪ್ಪೆ ಬಾಳೆಯ ಬುಡಕ್ಕೆ, ಮೀನು ತೊಳೆದ ನೀರು ತೆಂಗಿನ ಬುಡಕ್ಕೆ, ಒಲೆಯ ಬೂದಿ ಬಸಳೆಯ ಬುಡಕ್ಕೆ. ರಾಶಿ ಎಂಬುದರ ಅಸ್ತಿತ್ವವನ್ನೇ ಒಪ್ಪದ ಈ ದರ್ಶನವನ್ನು ಬುಡವಾದ ಎನ್ನಬಹುದು. ಖಂಡಿಸಲು ಹೋದ ಪಂಡಿತರು ಬಸಳೆ ಪದಾರ್ಥ ಉಂಡು, ಮೌನವಾಗಿ ಮರಳಿದ್ದಾರೆ.

ಇನ್ನು ಭೇದವಿಚಾರ. ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದಾಗ ದೇಶದ ಉಳಿದೆಡೆ ಅದು ಹೊಸ ಮಾತಾಗಿ ಕೇಳಿಸಿತು. ನಮಗೇನೂ ಹೊಸತಲ್ಲ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಸಾರಿದ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಬಾಳೆಸಿಪ್ಪೆ ಬೇರೆ, ಹಾಲಿನ ತೊಟ್ಟೆ ಬೇರೆ ಎಂಬುದು ಹದಿಮೂರನೆಯ ಶತಮಾನದಲ್ಲೇ ಇತ್ಯರ್ಥವಾಗಿತ್ತು. ಮೂರು ತಿಂಗಳ ಬಳಿಕ ರಾಶಿಯಲ್ಲಿ ಸಿಪ್ಪೆ ಯಾವುದು, ತರಗೆಲೆ ಯಾವುದು ಎಂದು ತಿಳಿಯದಿರುವುದನ್ನು ಅದ್ವೈತಿಗಳು ತಮ್ಮ ಪರ ಪ್ರಮಾಣವಾಗಿ ತೋರಿಸಬಹುದು. ಉತ್ತರ: ತೊಟ್ಟೆ ಹಾಗೆಯೇ ಇದೆ.

ರಾಶಿ ನಾರುವುದೇಕೆ? ಸಾರಜನಕ ಒಂದು ಪಾಲಿದ್ದರೆ ಇಂಗಾಲ ಇಪ್ಪತ್ತೈದು ಮೂವತ್ತು ಪಾಲು ಇರಬೇಕು. ಎಂದರೆ ಅಡುಗೆಮನೆಯ ಹಸಿಗೆ ತರಗೆಲೆ, ತೆಂಗಿನ ನಾರು ಧಾರಾಳವಾಗಿ ಬೆರೆಯಬೇಕು. ಎಲ್ಲೂರಿನಲ್ಲಿ ಇಂಗಾಲ ರಾಶಿಯವರೆಗೆ ತಲುಪುವುದೇ ಇಲ್ಲ. ಒಣಮಡಲು, ಗೆರಟೆ, ಸಿಪ್ಪೆ ಬಚ್ಚಲಿನ ಒಲೆಗೆ ಹೋಗುತ್ತವೆ. ಉಳಿದ ತರಗೆಲೆ ಮಲ್ಲಿಗೆ ಗಿಡದ ಸುಡುಮಣ್ಣಿಗೆ. ಸುಡುವುದರಲ್ಲಿ ಊರಿನದೇ ಹಿರಿಮೆ: ಇಲ್ಲಿನ 1,200 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹಡಗಿನಲ್ಲಿ ಬರುತ್ತದೆ. ಕಲ್ಲಿದ್ದಲೆಂದರೆ ಗಾಳಿ ಸಿಗದೆ ನೆಲದಡಿ ಹುದುಗಿದ, ಕೋಟ್ಯಂತರ ವರ್ಷ ಹಿಂದಿನ ಸೊಪ್ಪು ಸದೆ. ಬೆಂಗಳೂರು ಮತದವರು ಇದನ್ನು ತಮ್ಮ ಪದ್ಧತಿಯ ಅತಿ ದೀರ್ಘ ಪ್ರಯೋಗವೆಂದು ಹೇಳಿಕೊಳ್ಳಲಿ, ನನ್ನ ಆಕ್ಷೇಪವಿಲ್ಲ.

ಒಂದು ಗಂಭೀರ ಆಕ್ಷೇಪ ಉಳಿದಿದೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ಕೀಟ ಮೊಟ್ಟೆಯಿಡುವುದೇ ಗೊಬ್ಬರದ ರಾಶಿಯಲ್ಲಿ. ತೆಂಗನ್ನು ಸಾಕಲು ಹೊರಟವನು ಅದರ ವೈರಿಯನ್ನೂ ಸಾಕುತ್ತಾನೆ. ಹಸಿರು ಮಸ್ಕಾರ್ಡಿನ್ ಶಿಲೀಂಧ್ರವನ್ನು ರಾಶಿಗೆ ಬೆರೆಸಿದರೆ ಹುಳಕ್ಕೆ ರೋಗ ತಗಲುತ್ತದೆಂದು ವಿಜ್ಞಾನಿಗಳು. ಒಮ್ಮೆ ಕೆದಕಿ ಕೋಳಿ ಬಿಟ್ಟರೆ ಸಾಕೆಂದು ಬುಡವಾದಿಗಳು. ಕೋಳಿಗಳಲ್ಲಿ ಭಿನ್ನಮತ ಕಂಡುಬಂದಿಲ್ಲ.

ಫಲಶ್ರುತಿ. ಕೆದಕುವ ಹೊತ್ತಿಗೆ ರಾಶಿಯ ನೆತ್ತಿಯಲ್ಲಿ, ಯಾವಾಗಲೋ ಎಸೆದ ಬೀಜದಿಂದ, ಸಿಹಿಕುಂಬಳದ ಬಳ್ಳಿ ಹಬ್ಬಿರುತ್ತದೆ. ಕಾಯಿ ಬಲಿಯುವವರೆಗೆ ಪಿಕಾಸಿ ಮುಟ್ಟಬಾರದೆಂದು ಹಿರಿಯರ ಅಪ್ಪಣೆ. ಅಷ್ಟರಲ್ಲಿ ಹಿಂಬದಿ ಪಪ್ಪಾಯಿ ಸಸಿಯೊಂದು ಎದ್ದಿರುತ್ತದೆ. ಗಂಡೋ ಹೆಣ್ಣೋ ತಿಳಿಯಲು ಅದು ಹೂ ಬಿಡಬೇಕು. ಆದಕಾರಣ ಗೊಬ್ಬರವನ್ನು ಹೊರತೆಗೆಯುವ ಅಧ್ಯಾಯವನ್ನು ಎರಡನೆಯ ಸಂಪುಟಕ್ಕೆ ಮುಂದೂಡಲಾಗಿದೆ.