ಮೂರು ತಾಸಿನಲ್ಲಿ ಬಣ್ಣ: ಅಸುಂಡಿ ಕಾರ್ಯಾಗಾರದ ಕೈಪಿಡಿ

ನೈಸರ್ಗಿಕ ಬಣ್ಣಗಾರಿಕೆಯ ಕಾರ್ಯಾಗಾರವೊಂದನ್ನು ಗದಗ ತಾಲ್ಲೂಕಿನ ಅಸುಂಡಿಯಲ್ಲಿ ನಡೆಸಿಯೇ ಬಿಡೋಣ ಎಂದು ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಟವರಿಗಾಗಿ ಈ ಕೈಪಿಡಿ. ಬೆಳಿಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಒಂದಕ್ಕೆ ರೊಟ್ಟಿ ಊಟ, ಅಷ್ಟರಲ್ಲಿ ಬಂದವರ ಹೆಗಲಿಗೆಲ್ಲ ತಾವೇ ಬಣ್ಣ ಹಾಕಿದ ಒಂದೊಂದು ಶಾಲು. ಇದು ಆಗುವ ಕೆಲಸವೇ. ಎರಡು ಷರತ್ತುಗಳಿವೆ. ಹತ್ತು ಗಂಟೆಯ ಕಾರ್ಯಕ್ರಮವನ್ನು ನಾಲ್ಕು ದಿನ ಮೊದಲೇ ಯಾರಾದರೂ ಶುರು ಮಾಡಿರಬೇಕು. ಆ ನಾಲ್ಕು ದಿನ ದುಡಿದವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಇರಬಾರದು.

ಸ್ಥಳ

ಅಸುಂಡಿಯೇ ಯಾಕೆ ಎಂದು ಯಾರಾದರೂ ಕೇಳಿದರೆ ಕೈಚಾಚಿ ಎರೆಹೊಲ ತೋರಿಸಿ. ಇದು ಹತ್ತಿಯ ಸೀಮೆ. ಮಳೆಯನ್ನೇ ನೆಚ್ಚಿ ಬೆಳೆಯುವ ಜಯಧರ ಎಂಬ ಜವಾರಿ ಹತ್ತಿ ಈ ಕರಿಮಣ್ಣಿಗೆ ಹೇಳಿ ಮಾಡಿಸಿದ ತಳಿ. ಅತ್ತ ಹುಲಕೋಟಿಯಲ್ಲಿ ಸಹಕಾರಿ ನೂಲಿನ ಗಿರಣಿ, ಇತ್ತ ಬೆಟಗೇರಿಯಲ್ಲಿ ನೇಕಾರರ ಓಣಿಗಳು. ಇಷ್ಟನ್ನು ಭಾವಪೂರ್ಣವಾಗಿ ಹೇಳಿ ಮುಗಿಸಿದ ಮೇಲೆ ಕಾರಿನ ಡಿಕ್ಕಿ ತೆಗೆದು ಈರೋಡಿನಿಂದ ತರಿಸಿದ ಬಟ್ಟೆಯ ಗಂಟು ಇಳಿಸಿ. ಜಯಧರದ ಎಳೆ ಗಿಡ್ಡ, ಗಿರಣಿಗೆ ಬೇಕಾದದ್ದು ಉದ್ದ ಎಳೆ, ರೈತ ಬಿಟಿ ಹತ್ತಿಗೆ ಹೋದ. ಈ ಮಾತು ಕಾರ್ಯಾಗಾರದ ಅವಧಿಯಲ್ಲಿ ಹಿಡಿಸುವಂಥದ್ದಲ್ಲ. ಕೆದಕಿ ಕೇಳಿದವರಿಗೆ ಮುಂದಿನ ಸಲದ ವಿಷಯ ಅದೇ ಎನ್ನಿ.

ನೀರು

ಬೇರೆ ಕೈಪಿಡಿಗಳಲ್ಲಿ ಸಾಮಗ್ರಿಗಳ ಪಟ್ಟಿಯ ಕೊನೆಗೆ ‘ಸಾಕಷ್ಟು ನೀರು’ ಎಂದು ಬರೆದಿರುತ್ತದೆ. ಬರೆದವರು ಗದಗಿನವರಲ್ಲ.

ಲೆಕ್ಕ ಹಾಕಿ. ಇಪ್ಪತ್ತು ಜನ, ಒಂದೊಂದು ಶಾಲು 150 ಗ್ರಾಂ, ಒಟ್ಟು 3 ಕಿಲೋ ಬಟ್ಟೆ. ಬಟ್ಟೆ ಮಡಿಕೆ ಬೀಳದೆ ಆರಾಮಾಗಿ ತಿರುಗಾಡಬೇಕಾದರೆ ಕಿಲೋಗೆ 20ರಿಂದ 30 ಲೀಟರ್ ನೀರು ಬೇಕು; ಅಂದರೆ ಒಂದು ಸಲಕ್ಕೆ 60ರಿಂದ 90 ಲೀಟರ್. ಸೋಡಾ ಹಾಕಿ ಕುದಿಸಲು ಒಮ್ಮೆ, ಜಾಲಿಸಲು ಒಮ್ಮೆ, ಅಳಲೆಕಾಯಿಗೆ ಒಮ್ಮೆ, ಪಟಿಕಕ್ಕೆ ಒಮ್ಮೆ, ಮತ್ತೆ ಜಾಲಿಸಲು, ಬಣ್ಣಕ್ಕೆ, ಕೊನೆಗೆ ಎರಡು ಸಲ ತೊಳೆಯಲು. ಎಂಟು ಸಲ. ಕಡಿಮೆಯೆಂದರೂ 480, ಕೈ ಬಿಚ್ಚಿ ಸುರಿದರೆ 720 ಲೀಟರ್. ಗದಗ-ಬೆಟಗೇರಿಗೆ ಕುಡಿಯುವ ನೀರು ಬರುವುದು ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಹತ್ತಿರ ತುಂಗಭದ್ರೆಯಿಂದ. ನಳ ಬರುವ ದಿನ ಯಾವುದೆಂದು ಇಲ್ಲಿನ ಹೆಂಗಸರಿಗೆ ಹಬ್ಬದ ತಿಥಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ಕಾರ್ಯಾಗಾರದ ದಿನಾಂಕವನ್ನು ಅತಿಥಿಗಳ ಅನುಕೂಲ ನೋಡಿ ಗೊತ್ತುಮಾಡಬೇಡಿ. ನಳ ಬಿಡುವವನನ್ನು ಕೇಳಿ ಗೊತ್ತುಮಾಡಿ.

ಬೋರ್‌ವೆಲ್ ಇದೆಯಲ್ಲ ಎನ್ನಬೇಡಿ. ಅದರ ಗಡಸು ನೀರಿನಲ್ಲಿ ಸಾಬೂನು ನೊರೆ ಬರುವ ಬದಲು ಮೊಸರಿನಂತೆ ಒಡೆದು ಬಟ್ಟೆಗೆ ಅಂಟುತ್ತದೆ. ಅಂಟಿದ ಕಡೆ ಬಣ್ಣ ಹತ್ತುವುದಿಲ್ಲ. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರಂತೂ ಹೊನ್ನಿನ ಹಳದಿ ಬರಬೇಕಾದಲ್ಲಿ ಗೋಣಿಚೀಲದ ಬಣ್ಣ ಬರುತ್ತದೆ. ಹಾಗೆ ಬಂದಾಗ ‘ಅರ್ಥ್ ಟೋನ್’ ಎನ್ನಿ. ಶಾಲಿನ ಬೆಲೆ ನೂರು ರೂಪಾಯಿ ಹೆಚ್ಚಿಸಬಹುದು.

ಬಟ್ಟೆ ಒಗೆಯುವುದು

ಈ ಹೆಜ್ಜೆಗೆ ಅತಿಥಿಗಳು ಹಾಜರಿರಬಾರದು. ಹೊಸ ಕೋರಾ ಬಟ್ಟೆಯಲ್ಲಿ ನೇಯುವಾಗ ಹಾಸಿನ ಎಳೆಗೆ ಹಚ್ಚಿದ ಗಂಜಿ ಇರುತ್ತದೆ, ಹತ್ತಿಯದೇ ಮೇಣವೂ ಇರುತ್ತದೆ. ಎರಡೂ ಹೋಗದ ಹೊರತು ಬಣ್ಣ ಒಳಗಿಳಿಯುವುದಿಲ್ಲ. ಒಗೆಯುವ ಸೋಡಾ ಹಾಕಿ ಒಂದು ತಾಸು ಕುದಿಸಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ನೋಡುವುದಕ್ಕೆ ಬಿಳಿ ಇದ್ದ ಬಟ್ಟೆಯಿಂದ ಇಷ್ಟು ಕೊಳೆ ಬರುವುದನ್ನು ಮೊದಲ ಸಲ ನೋಡಿದವರು ಯಾರೋ ಬಟ್ಟೆ ಹೊಲಸು ಮಾಡಿದ್ದಾರೆ ಎಂದುಕೊಳ್ಳುತ್ತಾರೆ. ಒಗೆದದ್ದು ಸಾಲದೋ ಸಾಕೋ ತಿಳಿಯಲು ಒಂದು ಹನಿ ನೀರು ಬಟ್ಟೆಯ ಮೇಲೆ ಬಿಡಿ. ಹನಿ ಗುಂಡಗೆ ಕೂತರೆ ಮತ್ತೆ ಕುದಿಸಿ. ಬಿದ್ದಲ್ಲೇ ಇಂಗಿದರೆ ಆಯಿತು.

ನಂತರ ಅಳಲೆಕಾಯಿ. ಬಟ್ಟೆಯ ತೂಕಕ್ಕೆ ನೂರಕ್ಕೆ ಹದಿನೈದರಂತೆ, ಅಂದರೆ 3 ಕಿಲೋಗೆ 450 ಗ್ರಾಂ ಪುಡಿ, ರಾತ್ರಿಯೆಲ್ಲ ನೆನೆ. ಹಿಂಡಿ, ಜಾಲಿಸದೆ ಬಿಸಿಲಿಗೆ ಹಾಕಿದರೆ ಬೆಣ್ಣೆಯಂಥ ತಿಳಿ ಹಳದಿ ಬರುತ್ತದೆ. ಉಣ್ಣೆ, ರೇಷ್ಮೆಗಳು ಬಣ್ಣವನ್ನು ಬಾ ಎಂದು ಕರೆಯುವ ಜಾತಿಯವು. ಹತ್ತಿ ಹಾಗಲ್ಲ, ಅದಕ್ಕೆ ಮಧ್ಯಸ್ಥಿಕೆ ಬೇಕು. ಅಳಲೆಯ ಒಗರು ಪಟಿಕವನ್ನು ಹಿಡಿಯುತ್ತದೆ, ಪಟಿಕ ಬಣ್ಣವನ್ನು ಹಿಡಿಯುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿಯವರು ಅಳಲೆಗೆ ಎಮ್ಮೆಯ ಹಾಲು ಬೆರೆಸಿ ಬಟ್ಟೆ ಅದ್ದುತ್ತಾರೆ. ಹಾಲಿನ ಜಿಡ್ಡಿದ್ದರೆ ಲೇಖನಿಯ ಮಸಿ ಹರಡುವುದಿಲ್ಲ. ಅದಕ್ಕೂ ಮುಂಚೆ ಬಟ್ಟೆ ಬಿಳುಪಾಗಲಿ ಎಂದು ಸಗಣಿ ನೀರಿನಲ್ಲಿ ನೆನೆಹಾಕುವ ಪದ್ಧತಿಯೂ ಅವರಲ್ಲಿದೆ. ಈ ಮಾಹಿತಿಯನ್ನು ಊಟದ ನಂತರ ಹಂಚಿಕೊಳ್ಳುವುದು ಕ್ಷೇಮ.

ಪಟಿಕದ ನೀರಿನಲ್ಲಿ ಮತ್ತೊಂದು ರಾತ್ರಿ. ಇಲ್ಲಿಗೆ ಮೂರು ದಿನ ಕಳೆದವು, ಇನ್ನೂ ಬಣ್ಣದ ಮಾತೇ ಇಲ್ಲ. ಬಣ್ಣಗಾರಿಕೆಯ ಕೆಲಸ ಬಹುಪಾಲು ಇಷ್ಟೇ: ಒಗೆಯುವುದು, ನೆನೆಹಾಕುವುದು, ಹಿಂಡುವುದು, ಕಾಯುವುದು. ಅದ್ದುವ ಒಂದು ಗಳಿಗೆಗೆ ಟಿಕೆಟ್ಟಿದೆ. ಹಿಂಡಿದ್ದಕ್ಕೆ ದಿನಗೂಲಿ ಇದೆ.

ಬಣ್ಣದ ಆಯ್ಕೆ

ಬೀಟ್‌ರೂಟ್‌ನಿಂದ ಶುರುಮಾಡಿ. ಕತ್ತರಿಸಿದ ಕೂಡಲೇ ಮೊಬೈಲ್‌ಗಳೆಲ್ಲ ಹೊರಗೆ ಬರುತ್ತವೆ. ಅದರ ರಂಗು ಬಟ್ಟೆಗೆ ಹತ್ತುವುದಿಲ್ಲ, ಮೊದಲ ಒಗೆತಕ್ಕೇ ಹೋಗುತ್ತದೆ. ಆದರೆ ಮೊದಲ ಒಗೆತ ನಡೆಯುವುದು ಅತಿಥಿಗಳ ಮನೆಯಲ್ಲಿ, ನೀವು ಅಲ್ಲಿರುವುದಿಲ್ಲ.

ಅರಿಷಿಣ ಇನ್ನೂ ಚೆಂದ, ಇನ್ನೂ ಅಪಾಯ. ಅಡುಗೆಗೆಂದು ಕರೆಸಿದ ಅಜ್ಜಿ ಒಲೆಯ ಮುಂದಿನಿಂದಲೇ ಹೇಳುತ್ತಾಳೆ:

‘ತಂಗಿ, ಅರಿಷಿಣದ ಬಟ್ಟಿಗೆ ಸಾಬಾಣ ಹಚ್ಚಿದ್ರ ಓಕುಳಿ ಆಕ್ಕೈತಿ ನೋಡವಾ. ಮನಿಗೆ ಹೋಗಿ ಬೈತಾರ ಮಂದಿ.’

‘ಪರವಾಗಿಲ್ಲ ಅಜ್ಜಿ, ಅದು ನ್ಯಾಚುರಲ್ ಅಲ್ವಾ?’

‘ನ್ಯಾಚುರಲ್ಲೇ ಹೌದವಾ. ಬಿಸಲಿಗೆ ಹಾಕಿದ್ರ ನ್ಯಾಚುರಲ್ಲಾಗೇ ಹೊಕ್ಕೈತಿ.’

ಅಜ್ಜಿ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಅರಿಷಿಣಕ್ಕೆ ಸುಣ್ಣ ಬೆರೆತರೆ ಕೆಂಪಾಗುವುದು ಆರತಿ ತಟ್ಟೆ ಹಿಡಿದವರಿಗೆಲ್ಲ ಗೊತ್ತು; ಸಾಬೂನಿನ ಕ್ಷಾರವೂ ಅದನ್ನೇ ಮಾಡುತ್ತದೆ. ಬಿಸಿಲಿಗಂತೂ ಅದು ನಿಲ್ಲುವುದೇ ಇಲ್ಲ. ಹೀಗೆ ಎಡವಟ್ಟು ಪ್ರಶ್ನೆಗಳು ಏಳದಂತೆ ಅಜ್ಜಿಯನ್ನು ರೊಟ್ಟಿ ಬಡಿಯುವ ಕೆಲಸದಲ್ಲಿ ಬಿಡುವಿಲ್ಲದಂತೆ ಇಡಿ.

ನಿಜವಾಗಿ ಬಣ್ಣ ಬೇಕೆಂದರೆ ಗದಗಿನ ಎಪಿಎಂಸಿಗೆ ಹೋಗಿ ಉಳ್ಳಾಗಡ್ಡಿ ಸಿಪ್ಪೆ ಬಾಚಿಕೊಂಡು ಬನ್ನಿ. ಈ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ದರ ಬಿದ್ದ ವರ್ಷ ಸಿಪ್ಪೆಯ ಜತೆ ಗಡ್ಡೆಯೂ ಪುಕ್ಕಟೆ. ಬಟ್ಟೆಯ ಅರ್ಧ ತೂಕದಷ್ಟು ಒಣ ಸಿಪ್ಪೆ ಬೇಕು. ಒಂದೂವರೆ ಕಿಲೋ ಎಂದರೆ ಚಿಕ್ಕ ಪೊಟ್ಟಣ ಎಂದುಕೊಂಡೀರಿ, ಸಿಪ್ಪೆಗೆ ತೂಕವೇ ಇಲ್ಲ, ಗೋಣಿಚೀಲ ಬೇಕಾಗುತ್ತದೆ. ಮುಕ್ಕಾಲು ತಾಸು ಕುದಿಸಿ ಸೋಸಿ, ಪಟಿಕ ಕುಡಿದ ಬಟ್ಟೆ ಬಿಟ್ಟರೆ ಸಂಜೆಯ ಬಿಸಿಲಿನಂಥ ಹೊನ್ನಿನ ಬಣ್ಣ. ಅದೇ ಬಟ್ಟೆಗೆ ಕಬ್ಬಿಣದ ನೀರು ತಾಗಿಸಿದರೆ ಹೊನ್ನು ಕಂದಿ ಪಾಚಿ ಹಸಿರಾಗುತ್ತದೆ. ಕಬ್ಬಿಣದ ನೀರಿಗೆ ಸವೆದ ಎತ್ತಿನ ಲಾಳ, ತುಕ್ಕು ಹಿಡಿದ ಮೊಳೆ, ಒಂದು ಹೆಂಟೆ ಬೆಲ್ಲ ಮಡಕೆಗೆ ಹಾಕಿ ನೀರು ತುಂಬಿ ಎರಡು ಮೂರು ವಾರ ಮೂಲೆಗಿಡಬೇಕು. ಅಳಲೆ ಕುಡಿದ ಬಟ್ಟೆಯ ಮೇಲೆ ಈ ನೀರನ್ನು ಕುಂಚದಿಂದ ಎಳೆದರೆ ನೀರಿನ ಗೆರೆ ಕಣ್ಣೆದುರೇ ಕಪ್ಪಾಗುತ್ತದೆ. ಹಾಗೆಂದು ಹೆಚ್ಚು ಹಾಕಬೇಡಿ, ಕಬ್ಬಿಣ ಹತ್ತಿಯ ಎಳೆಯನ್ನೇ ತಿನ್ನುತ್ತದೆ. ಮಲೆನಾಡಿನವರು ಬಂದಿದ್ದರೆ ಅಡಿಕೆ ಚೊಗರಿನ ಕೆಂಗಂದಿನ ಬಗ್ಗೆ ಹೇಳಲು ಬಾಯಿ ತೆಗೆಯುತ್ತಾರೆ. ಸಾಗರದ ಹತ್ತಿರದ ಭೀಮನಕೋಣೆಯಲ್ಲಿ ಪ್ರಸನ್ನ ಅವರು ಕಟ್ಟಿದ ‘ಚರಕ’ ಸಂಸ್ಥೆ ಅದನ್ನೇ ಬಳಸಿ ಬಟ್ಟೆಗೆ ಬಣ್ಣ ಕೊಟ್ಟದ್ದು ನಿಜ. ಅವರು ಹೇಳಲಿ, ಅದು ಜ್ಞಾನದ ವಿನಿಮಯ. ನಿಮಗೆ ಹತ್ತು ನಿಮಿಷ ಉಳಿಯಿತು.

ಎಲೆಯ ಅಚ್ಚು ಒತ್ತಬೇಕೆಂದು ಹಟ ಹಿಡಿಯುವವರಿರುತ್ತಾರೆ. ಅಸುಂಡಿಯ ಸುತ್ತ ಯಥೇಚ್ಛ ಸಿಗುವ ಗಿಡ ಬಳ್ಳಾರಿ ಜಾಲಿ. ಮುಳ್ಳು ನೋಡಿಕೊಂಡು ಕೀಳಲು ಹೇಳಿ. ಆಮೇಲೆ ಯಾರೂ ಹಟ ಹಿಡಿಯುವುದಿಲ್ಲ.

ನೀಲಿ

ಅರ್ಧ ದಿನದಲ್ಲಿ ಚಪ್ಪಾಳೆ ಗಿಟ್ಟಿಸುವ ಬಣ್ಣ ಇದೊಂದೇ. ನೀಲಿಗೆ ಅಳಲೆಯೂ ಬೇಡ, ಪಟಿಕವೂ ಬೇಡ. ಆದರೆ ನೀಲಿ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಬೇಕಾದರೆ ಸುಣ್ಣದ ಕ್ಷಾರದಲ್ಲಿ ಅದನ್ನು ಅಪಕರ್ಷಿಸಬೇಕು. ತಮಿಳು, ತೆಲುಗು ಸೀಮೆಯ ಹಳಬರು ಇದಕ್ಕೆ ಚಗಚೆ ಬೀಜ ಬೇಯಿಸಿ ಹುಳಿಯಲು ಬಿಡುತ್ತಿದ್ದರು; ಈಗಿನವರು ಒಂದು ಪಾಲು ನೀಲಿಗೆ ಎರಡು ಪಾಲು ಸುಣ್ಣ, ಮೂರು ಪಾಲು ಹಣ್ಣಿನ ಸಕ್ಕರೆ ಎನ್ನುತ್ತಾರೆ, ಬೆಲ್ಲವೂ ನಡೆಯುತ್ತದೆ. ಹಂಡೆ ಹದಕ್ಕೆ ಬಂದದ್ದು ಹೀಗೆ ತಿಳಿಯುತ್ತದೆ: ಮೇಲೆ ತಾಮ್ರದ ಹೊಳಪಿನ ಕೆನೆ, ನಡುವೆ ನೀಲಿ ನೊರೆಯ ಗುಪ್ಪೆ, ಕೆನೆ ಸರಿಸಿ ನೋಡಿದರೆ ಕೆಳಗಿನ ನೀರು ಹಳದಿ ಹಸಿರು. ಒದ್ದೆ ಬಟ್ಟೆಯನ್ನು ಗುಳ್ಳೆ ಏಳದ ಹಾಗೆ ಮೆಲ್ಲಗೆ ಇಳಿಸಬೇಕು. ಗುಳ್ಳೆಯ ಜತೆ ಗಾಳಿ ಒಳಹೊಕ್ಕರೆ ಹಂಡೆ ಕೆಡುತ್ತದೆ. ಎತ್ತಿದಾಗ ಬಟ್ಟೆ ಎಳೆ ಬಾಳೆಎಲೆಯ ಹಸಿರು. ಗಾಳಿ ಸೋಕಿದಲ್ಲಿಂದ ನೀಲಿ ಹಬ್ಬತೊಡಗುತ್ತದೆ, ಮಡಿಕೆಯ ಒಳಗೆ ಮಾತ್ರ ಕೊಂಚ ಹೊತ್ತು ಹಸಿರು ಉಳಿದಿರುತ್ತದೆ. ಎಷ್ಟು ಸಲ ನೋಡಿದರೂ ಇದು ಬೆರಗೇ. ಇಲ್ಲಿ ವ್ಯಂಗ್ಯ ಮಾಡಲು ನನಗೂ ಬಾಯಿ ಬಾರದು.

ಒಂದು ಅದ್ದಿಗೆ ತಿಳಿ ನೀಲಿಯಷ್ಟೇ ಬರುತ್ತದೆ. ಕಡು ನೀಲಿಗೆ ಅದ್ದಿ, ಗಾಳಿಗೆ ಹಿಡಿದು, ಮತ್ತೆ ಅದ್ದಿ, ಹೀಗೆ ಹಲವು ಸಲ. ಈ ಕಸುಬಿನ ಮನೆತನಗಳ ಗುರುತು ಈ ಭಾಗದಲ್ಲಿ ನೀಲಗಾರ, ರಂಗರೇಜ ಎಂಬ ಅಡ್ಡಹೆಸರುಗಳಲ್ಲಿ ಉಳಿದಿದೆ. ಜರ್ಮನಿಯ ಬಿಎಎಸ್ಎಫ್ ಕಂಪನಿ 1897ರಲ್ಲಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಹಂಡೆಗಳು ಒಂದೊಂದಾಗಿ ಬೋರಲಾದವು. ಆ ಅಡ್ಡಹೆಸರಿನವರು ಈಗ ಬ್ಯಾಂಕಿನಲ್ಲಿ, ಶಾಲೆಯಲ್ಲಿ ಸಿಕ್ಕಾರು. ಉದ್ಘಾಟನೆಗೆ ಕರೆಯಿರಿ.

ಕಸೂತಿಯನ್ನೂ ಸೇರಿಸಬಹುದೇ?

ಬೇಡ. ಗಾವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕೇ ಹೊಲಿಗೆ, ಒಂದು ತಾಸಿನಲ್ಲಿ ಮುಗಿಸಬಹುದು ಎಂದು ಯಾರೋ ಹೇಳುತ್ತಾರೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಗೆರೆ ಹಾಕಿಕೊಳ್ಳದೆ, ಎಳೆ ಎಣಿಸಿ, ಗಂಟು ಬೀಳದಂತೆ, ಹಿಂದು ಮುಂದು ಒಂದೇ ಥರ ಕಾಣುವಂತೆ ಗೋಪುರ ಎಬ್ಬಿಸುವ ಕೆಲಸ ಅದು. ನಿಮ್ಮ ಅತಿಥಿಗಳಿಗೆ ದಪ್ಪ ಎಳೆಯ ಮ್ಯಾಟಿ ಬಟ್ಟೆ ಕೊಟ್ಟರೂ ಒಂದು ತಾಸಿಗೆ ಆಗುವುದು ಸೂಜಿಗೆ ದಾರ ಪೋಣಿಸುವುದು. ಲಂಬಾಣಿ ಕಸೂತಿಯದೂ ಅದೇ ಕತೆ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರಿನ 450ಕ್ಕೂ ಹೆಚ್ಚು ಹೆಂಗಸರ ಕೈಯ 1755 ತೇಪೆಗಳು ಗಿನ್ನೆಸ್ ದಾಖಲೆಗೆ ಸೇರಿದವು. ದಾಖಲೆಯಲ್ಲಿ ತೇಪೆಗಳ ಎಣಿಕೆ ಇದೆ. ಒಂದು ತೇಪೆಗೆ ಎಷ್ಟು ಮಧ್ಯಾಹ್ನ ಹಿಡಿಯಿತೆಂಬ ಕಾಲಮ್ಮು ಅಲ್ಲಿರುವುದಿಲ್ಲ.

ಒಣಗಿಸುವುದು

ನೆರಳಿಗೆ ಹಾಕಿ. ಗದುಗಿನಲ್ಲಿ ಒದ್ದೆ ಬಟ್ಟೆಗೆ ದೊಡ್ಡ ಇತಿಹಾಸವಿದೆ. ಕುಮಾರವ್ಯಾಸ ಮಿಂದು ಬಂದು ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ, ಉಟ್ಟ ಬಟ್ಟೆ ಒಣಗುವವರೆಗೆ ಮಾತ್ರ ಭಾರತ ಬರೆಯುತ್ತಿದ್ದ ಎಂಬ ಪ್ರತೀತಿ. ಹತ್ತು ಪರ್ವ ಆದವೆಂದರೆ ಬಟ್ಟೆ ಕೋರಾ ಇದ್ದಿರಬೇಕು, ನೆರಳೂ ದಟ್ಟ ಇದ್ದಿರಬೇಕು. ನಿಮ್ಮ ಅತಿಥಿಗಳ ಶಾಲು ಒಣಗುವಷ್ಟರಲ್ಲಿ ಒಂದು ಸ್ಟೇಟಸ್ ಬರೆದು ಮುಗಿದಿರುತ್ತದೆ. ಅಷ್ಟಕ್ಕೂ ತಾಳ್ಮೆ ಇಲ್ಲದವರು ಕಾರಿನ ಕಿಟಕಿಗೆ ಸಿಕ್ಕಿಸಿಕೊಂಡು ಹೊರಡುತ್ತಾರೆ. ಗದಗ ದಾಟುವುದರೊಳಗೆ ಒಣಗುತ್ತದೆ, ಧೂಳಿನ ಬಣ್ಣ ಮಾತ್ರ ಪಕ್ಕಾ ಹತ್ತಿರುತ್ತದೆ.

ಉಳಿದ ಬಟ್ಟೆಯ ವಿಲೇವಾರಿ

ಪ್ರತಿ ಕಾರ್ಯಾಗಾರದಲ್ಲೂ ಕೆಲವು ಶಾಲುಗಳನ್ನು ಯಾರೂ ಒಯ್ಯುವುದಿಲ್ಲ. ‘ನನ್ನದು ಅದಲ್ಲ’ ಎನ್ನುತ್ತಾರೆ, ಅದೇ ಆಗಿರುತ್ತದೆ. ಇವನ್ನು ಎಸೆಯಬೇಡಿ. ಊರಲ್ಲಿ ಕೌದಿ ಹೊಲಿಯುವವರು ಯಾರೆಂದು ವಿಚಾರಿಸಿ. ಮಧ್ಯಾಹ್ನ ನಿಮಗೆ ರೊಟ್ಟಿ ಬಡಿದ ಅಜ್ಜಿಯೇ ಆಗಿರುವ ಸಂಭವ ಹೆಚ್ಚು. ಆಕೆ ಬಟ್ಟೆಯನ್ನು ಹಿಗ್ಗಲಿಸಿ ಎಳೆದು ನೋಡುತ್ತಾಳೆ, ಬೆಳಕಿಗೆ ಹಿಡಿದು ನೋಡುತ್ತಾಳೆ, ಬಣ್ಣ ನೋಡುವುದಿಲ್ಲ. ಕಬ್ಬಿಣದ ನೀರು ಹೆಚ್ಚಾಗಿ ಎಳೆ ಸೋತದ್ದನ್ನು ಬದಿಗಿಟ್ಟು, ಗಟ್ಟಿ ಇದ್ದದ್ದನ್ನು ಒಪ್ಪುತ್ತಾಳೆ. ಒಪ್ಪಿದ್ದು ಹೋಗುವುದು ಕೌದಿಯ ಒಳಪದರಕ್ಕೆ. ಮೇಲೆ ಕಾಣುವ ಕಡೆ ಹರಿದ ಇಳಕಲ್ ಸೀರೆಯ ಅಂಚು, ಗುಳೇದಗುಡ್ಡದ ಖಣದ ಚೂರು, ಮೊಮ್ಮಗನ ಸಾಲಿ ಅಂಗಿ ಬರುತ್ತವೆ. ನಿಮ್ಮವರು ಗಂಟು ಕಟ್ಟಿ ಅದ್ದಿದ ಶಿಬೋರಿ ಸೂರ್ಯೋದಯವನ್ನು ಮೇಲೆ ಹಾಕಬಹುದಲ್ಲ ಎಂದು ಕೇಳಿ ನೋಡಬೇಡಿ, ಕೇಳಿದವರಿಗೆ ಸಿಕ್ಕ ಉತ್ತರ ಇಲ್ಲಿ ಅಚ್ಚುಹಾಕುವಂಥದ್ದಲ್ಲ. ಹೊಲಿಗೆಯ ಕೂಲಿ ಎಷ್ಟೆಂದು ಆಕೆಯೇ ಹೇಳುತ್ತಾಳೆ. ಅರ್ಧ ಮುಂಗಡ ಕೊಡಿ. ಕೌದಿ ಸಂಕ್ರಾಂತಿಯ ಹೊತ್ತಿಗೆ ಸಿಗುತ್ತದೆ, ಯಾವ ಸಂಕ್ರಾಂತಿ ಎಂದು ಕೇಳಿಟ್ಟುಕೊಳ್ಳಿ.